ಅಮೂರ್ತ ಚಿತ್ರ ಅರ್ಥವಾಗುತ್ತಿಲ್ಲವೇ? ಒಂದು ಮರದಿಂದ ಶುರು ಮಾಡಿ

ಚಿತ್ರಕಲೆಯ ಬಗ್ಗೆ ಏನೇ ಬರೆದರೂ ಓದುಗರಿಂದ ಬರುವ ಪ್ರಶ್ನೆ ಒಂದೇ. "ಹಳೇ ಚಿತ್ರಗಳಲ್ಲಿ ಮುಖ ಮುಖದ ಹಾಗಿತ್ತು, ಮರ ಮರದ ಹಾಗಿತ್ತು. ಆಮೇಲೆ ಬರೀ ಗೆರೆ, ಬರೀ ಬಣ್ಣ. ನಡುವೆ ಏನಾಯ್ತು?" ಇನ್ನು ಕೆಲವರು ನೇರವಾಗಿಯೇ ಕೇಳುತ್ತಾರೆ: "ಇವರಿಗೆ ಚಿತ್ರ ಬಿಡಿಸೋಕೆ ಬರ್ತಿರಲಿಲ್ವಾ?"

ಬರುತ್ತಿತ್ತು, ಚೆನ್ನಾಗಿಯೇ ಬರುತ್ತಿತ್ತು. ಅದನ್ನು ನಾನು ಹೇಳಿ ನಂಬಿಸುವುದಕ್ಕಿಂತ ನೀವೇ ಕಣ್ಣಾರೆ ನೋಡುವುದು ವಾಸಿ. ಹಾಗಾಗಿ ಇದನ್ನು ಹಂತ ಹಂತವಾಗಿ ಬರೆದಿದ್ದೇನೆ. ಒಂದೇ ಏಟಿಗೆ ಓದಿ ಮುಗಿಸಬೇಡಿ. ಹಂತಕ್ಕೊಂದು ಸಂಜೆ ಕೊಟ್ಟರೆ ಸಾಕು.

ಮೊದಲು ಎರಡು ಪದ ತಿಳಿದುಕೊಳ್ಳೋಣ. ಕಣ್ಣಿಗೆ ಕಂಡ ವಸ್ತುವನ್ನು ಕಂಡ ಹಾಗೆಯೇ ಬರೆದರೆ ಅದು ವಾಸ್ತವ ಶೈಲಿ. ವಸ್ತುವಿನ ಗುರುತು ಹಿಡಿಯಲಾಗದಂತೆ, ಗೆರೆ, ಬಣ್ಣ ಮತ್ತು ಆಕಾರಗಳನ್ನೇ ಮುಂದಿಟ್ಟರೆ ಅದು ಅಮೂರ್ತ ಚಿತ್ರ. ಅಬ್‌ಸ್ಟ್ರಾಕ್ಟ್ ಅಂತ ಎಲ್ಲರೂ ಹೇಳುವುದು ಇದನ್ನೇ. ಇವೆರಡರ ನಡುವೆ ಗೋಡೆಯೇನೂ ಇಲ್ಲ. ಉದ್ದನೆಯ ಇಳಿಜಾರು ಇದೆ.

ಬೇಕಾಗುವ ಸಾಮಾನು

ಒಂದು ಲ್ಯಾಪ್‌ಟಾಪ್ ಅಥವಾ ಟ್ಯಾಬ್. ಮೊಬೈಲ್ ಪರದೆ ಚಿಕ್ಕದಾಗುತ್ತದೆ, ಎರಡು ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಲು ಆಗುವುದಿಲ್ಲ. ಒಂದು ಸ್ಕೇಲು, ಪೆನ್ಸಿಲ್, ನಾಲ್ಕಾರು ಬಿಳಿ ಹಾಳೆ. ಚಿತ್ರಗಳಿಗೆ ದುಡ್ಡು ಕೊಡಬೇಕಿಲ್ಲ. ಶಿಕಾಗೋದ ಆರ್ಟ್ ಇನ್‌ಸ್ಟಿಟ್ಯೂಟ್ ತನ್ನಲ್ಲಿರುವ ಹಳೆಯ ಚಿತ್ರಗಳನ್ನು ದೊಡ್ಡ ಗಾತ್ರದಲ್ಲಿ ಉಚಿತವಾಗಿ ಕೊಡುತ್ತದೆ. ನೆದರ್‌ಲ್ಯಾಂಡ್ಸ್‌ನ ಹೇಗ್ ನಗರದ ಕುನ್ಸ್ಟ್‌ಮ್ಯೂಸಿಯಂನಲ್ಲಿ ಆ ದೇಶದವನೇ ಆದ ಕಲಾವಿದ ಮಾಂಡ್ರಿಯಾನ್‌ನ ಚಿತ್ರಗಳ ಅತಿ ದೊಡ್ಡ ಸಂಗ್ರಹವಿದೆ. ಈ ಎರಡು ಜಾಲತಾಣಗಳಲ್ಲೇ ನಮ್ಮ ಕೆಲಸ ಮುಕ್ಕಾಲು ಮುಗಿಯುತ್ತದೆ.

ಎಚ್ಚರ: ಹುಡುಕುವಾಗ ಸಿಕ್ಕ ಮೊದಲ ಚಿತ್ರವನ್ನೇ ಇಳಿಸಿಕೊಳ್ಳಬೇಡಿ. ಪೋಸ್ಟರ್ ಮಾರುವವರು ಬಣ್ಣ ಹೆಚ್ಚಿಸಿರುತ್ತಾರೆ, ಅಂಚು ಕತ್ತರಿಸಿರುತ್ತಾರೆ. ಮ್ಯೂಸಿಯಂನ ಸ್ವಂತ ತಾಣದಿಂದಲೇ ತೆಗೆದುಕೊಳ್ಳಿ.

ಹಂತ 1: ವಾಸ್ತವ ಚಿತ್ರವನ್ನು ಸರಿಯಾಗಿ ನೋಡಿ

ಇದನ್ನು ಎಲ್ಲರೂ ಹಾರಿಸಿಬಿಡುತ್ತಾರೆ. "ಅದು ಅರ್ಥವಾಗುತ್ತಲ್ಲ, ಮುಂದೆ ಹೋಗೋಣ" ಅಂತ. ಅರ್ಥವಾಗಿರುವುದಿಲ್ಲ, ಗುರುತು ಸಿಕ್ಕಿರುತ್ತದೆ ಅಷ್ಟೆ.

ಮೈಸೂರಿನ ಜಗನ್ಮೋಹನ ಅರಮನೆಯ 'ದೀಪ ಹಿಡಿದ ಮಹಿಳೆ' ನಿಮಗೆ ಗೊತ್ತಿರುತ್ತದೆ. ಇದನ್ನು ರವಿವರ್ಮನದು ಅಂತ ಬಹಳ ಜನ ತಿಳಿದಿದ್ದಾರೆ. ಅಲ್ಲ, ಎಸ್. ಎಲ್. ಹಲ್ದಣಕರ್ ಅವರು 1945-46ರ ಹೊತ್ತಿಗೆ ಜಲವರ್ಣದಲ್ಲಿ ಬರೆದದ್ದು. ಅವರ ಮಗಳೇ ರೂಪದರ್ಶಿ. ದೀಪಕ್ಕೆ ಅಡ್ಡ ಹಿಡಿದ ಕೈ ನೋಡಿ. ಬೆರಳುಗಳ ಸಂದಿಯಲ್ಲಿ ಬೆಳಕು ಕೆಂಪಾಗಿ ತೂರಿ ಬರುತ್ತಿದೆ.

ಈಗ ಹಾಳೆಯ ಮೇಲೆ ನಾಲ್ಕು ಪದ ಬರೆದುಕೊಳ್ಳಿ: ಅಂಚು, ಬಣ್ಣ, ಆಳ, ವಸ್ತು. ಚಿತ್ರದಲ್ಲಿ ಒಂದೊಂದನ್ನೂ ಹುಡುಕಿ. ಮುಖ ಎಲ್ಲಿ ಮುಗಿದು ಕತ್ತಲೆ ಎಲ್ಲಿ ಶುರುವಾಗುತ್ತದೆ? ಅದು ಅಂಚು. ಸೀರೆಗೆ ಸೀರೆಯದೇ ಬಣ್ಣ, ಚರ್ಮಕ್ಕೆ ಚರ್ಮದ್ದೇ ಬಣ್ಣ ಇದೆಯೇ? ಇದೆ. ಚಪ್ಪಟೆ ಕಾಗದದ ಮೇಲೆ ಆಕೆ ನಮ್ಮೆದುರು ನಿಂತ ಹಾಗೆ ಕಾಣುತ್ತಾಳಲ್ಲ, ಅದು ಆಳ. ಹತ್ತಿರದ್ದನ್ನು ದೊಡ್ಡದಾಗಿ, ದೂರದ್ದನ್ನು ಚಿಕ್ಕದಾಗಿ, ಒಂದೇ ಜಾಗದಲ್ಲಿ ನಿಂತು ನೋಡಿದ ಹಾಗೆ ಬರೆದು ಆಳ ಹುಟ್ಟಿಸುವ ಲೆಕ್ಕಾಚಾರಕ್ಕೆ ಪರ್‌ಸ್ಪೆಕ್ಟಿವ್ ಎನ್ನುತ್ತಾರೆ. ಇನ್ನು ವಸ್ತು: ಒಬ್ಬ ಹೆಂಗಸು, ಒಂದು ದೀಪ.

ಆ ಹಾಳೆ ಕಳೆಯಬೇಡಿ. ಮುಂದಿನ ಹಂತಗಳಲ್ಲಿ ಇವನ್ನು ಒಂದೊಂದಾಗಿ ಹೊಡೆದು ಹಾಕುತ್ತಾ ಹೋಗುತ್ತೇವೆ. ಪ್ರತಿ ಚಿತ್ರದ ಮುಂದೆಯೂ ಕೇಳಬೇಕಾದ್ದು ಇಷ್ಟೇ: ಇಲ್ಲಿ ಏನನ್ನು ಬಿಟ್ಟಿದ್ದಾರೆ? ಬಿಟ್ಟಿದ್ದರಿಂದ ಏನು ಸಿಕ್ಕಿತು?

ಹಂತ 2: ಕ್ಯಾಮೆರಾದ ಕಥೆಯನ್ನು ಅರ್ಧ ಮಾತ್ರ ನಂಬಿ

"1839ರಲ್ಲಿ ಫೋಟೋಗ್ರಫಿ ಬಂತು, ಕಲಾವಿದರಿಗೆ ಕೆಲಸ ಹೋಯ್ತು, ಅಬ್‌ಸ್ಟ್ರಾಕ್ಟ್ ಶುರುವಾಯ್ತು." ಈ ಮಾತು ಎಲ್ಲೆಡೆ ಕೇಳುತ್ತೀರಿ. ಇಷ್ಟು ಸಲೀಸಾಗಿರಲಿಲ್ಲ. ಫೋಟೋಗ್ರಫಿ ಬಂದ ಮೇಲೂ ಯುರೋಪಿನಲ್ಲಿ ವಾಸ್ತವ ಚಿತ್ರಗಳಿಗೆ ದಶಕಗಟ್ಟಲೆ ಬೇಡಿಕೆ ಇತ್ತು. ನಮ್ಮ ರವಿವರ್ಮ ಹುಟ್ಟಿದ್ದೇ 1848ರಲ್ಲಿ. ಇದ್ದದ್ದನ್ನು ಇದ್ದ ಹಾಗೆ ದಾಖಲಿಸುವ ಹೊಣೆಯನ್ನು ಕ್ಯಾಮೆರಾ ಸ್ವಲ್ಪ ಹಗುರ ಮಾಡಿತು, ಅದು ನಿಜ.

ಅಷ್ಟೇ ದೊಡ್ಡ ಕಾರಣ ಇನ್ನೊಂದಿದೆ, ಅದರ ಬಗ್ಗೆ ಮಾತಾಡುವವರು ಕಡಿಮೆ. 1841ರಲ್ಲಿ ಜಾನ್ ರ‍್ಯಾಂಡ್ ಎಂಬ ಅಮೆರಿಕದ ಕಲಾವಿದ ತವರದ ಟ್ಯೂಬಿನಲ್ಲಿ ಬಣ್ಣ ತುಂಬುವ ವಿಧಾನಕ್ಕೆ ಪೇಟೆಂಟ್ ಪಡೆದ. ಅಲ್ಲಿಯವರೆಗೆ ಅರೆದ ಎಣ್ಣೆಬಣ್ಣವನ್ನು ಹಂದಿಯ ಮೂತ್ರಕೋಶದ ಚೀಲದಲ್ಲಿ ಕಟ್ಟಿಡುತ್ತಿದ್ದರು. ಚುಚ್ಚಿ ತೆಗೆದರೆ ಮತ್ತೆ ಸರಿಯಾಗಿ ಮುಚ್ಚಲು ಆಗುತ್ತಿರಲಿಲ್ಲ. ಟ್ಯೂಬು ಬಂದ ಮೇಲೆ ಬಣ್ಣವನ್ನು ಜೇಬಿಗೆ ಹಾಕಿಕೊಂಡು ಗದ್ದೆಗೆ ಹೋಗಬಹುದಾಯಿತು. ಗದ್ದೆಯಲ್ಲಿ ಬೆಳಕು ನಿಲ್ಲುವುದಿಲ್ಲ, ಬದಲಾಗುತ್ತಲೇ ಇರುತ್ತದೆ. ಬೇಗ ಬೇಗ ಬರೆಯಬೇಕು.

ಹಂತ 3: ಬಣವೆಗಳ ಮುಂದೆ ಕೂರಿ

ಕ್ಲಾಡ್ ಮೊನೆ ಫ್ರಾನ್ಸಿನ ಜಿವೆರ್ನಿಯಲ್ಲಿ, ತನ್ನ ಮನೆಯ ಪಕ್ಕದ ಹೊಲದ ಬಣವೆಗಳನ್ನು 1890-91ರಲ್ಲಿ ಸುಮಾರು 25 ಸಲ ಬರೆದ. ಹುಲ್ಲಿನದಲ್ಲ, ಗೋಧಿ ಸಿವುಡು ಒಟ್ಟಿದ ಬಣವೆ. ಇವುಗಳಲ್ಲಿ ಆರು ಶಿಕಾಗೋದಲ್ಲಿವೆ. ಬೇಸಿಗೆ ಕೊನೆಯದೊಂದು, ಹಿಮ ಬಿದ್ದದ್ದೊಂದು ಆರಿಸಿ ಪಕ್ಕಪಕ್ಕ ಇಡಿ.

ನೆರಳಿನ ಬಣ್ಣ ನೋಡಿ. ಕಪ್ಪು ಎಲ್ಲಾದರೂ ಇದೆಯೇ? ನೀಲಿ ಇದೆ, ನೇರಳೆ ಇದೆ. ಬಣವೆಗೆ ಅದರದೇ ಒಂದು ಬಣ್ಣ ಅಂತ ಇಲ್ಲವೇ ಇಲ್ಲ, ಆ ಹೊತ್ತಿನ ಬೆಳಕಿನ ಬಣ್ಣ ಮಾತ್ರ ಇದೆ. ನಿಮ್ಮ ಹಾಳೆಯಲ್ಲಿ 'ಬಣ್ಣ' ಹೊಡೆದು ಹಾಕಿ. 'ಅಂಚು' ಕೂಡ ಅರ್ಧ ಹೋಗಿದೆ, ಬಣವೆ ಎಲ್ಲಿ ಮುಗಿಯಿತು ಅಂತ ಬೆರಳಿಟ್ಟು ತೋರಿಸುವುದು ಕಷ್ಟ. ಹೀಗೆ ಕ್ಷಣದ ಬೆಳಕನ್ನು ಚಿಕ್ಕ ಚಿಕ್ಕ ಬ್ರಷ್ ಗುರುತುಗಳಲ್ಲಿ ಹಿಡಿಯುವ ರೀತಿಗೆ ಇಂಪ್ರೆಷನಿಸಂ ಎಂದು ಹೆಸರು.

ಈ ಬಣವೆಗಳಿಗೆ ಇನ್ನೊಂದು ಮಹತ್ವವಿದೆ. ಮುಂದೆ ಅಮೂರ್ತ ಚಿತ್ರಗಳಿಗೆ ಹೆಸರಾದ ರಷ್ಯಾದ ಕ್ಯಾಂಡಿನ್‌ಸ್ಕಿ ಮಾಸ್ಕೋದ ಒಂದು ಪ್ರದರ್ಶನದಲ್ಲಿ ಇವುಗಳಲ್ಲೊಂದನ್ನು ನೋಡಿದ. ಅದು ಬಣವೆ ಅಂತ ಆತನಿಗೆ ಗೊತ್ತಾಗಲಿಲ್ಲ. ಕೆಟಲಾಗ್ ನೋಡಿ ತಿಳಿದುಕೊಂಡ. ಗುರುತು ಸಿಗದಿದ್ದರೂ ಚಿತ್ರ ಮಾತ್ರ ಮನಸ್ಸಿನಿಂದ ಹೋಗಲಿಲ್ಲ ಅಂತ ಆಮೇಲೆ ಬರೆದುಕೊಂಡಿದ್ದಾನೆ. ಆಗ ಆತ ಕಾನೂನು ಓದಿದ ಮನುಷ್ಯ, ಕಲಾವಿದ ಆಗಿರಲಿಲ್ಲ. ಮೂವತ್ತನೇ ವಯಸ್ಸಿನಲ್ಲಿ, 1896ರಲ್ಲಿ, ಎಲ್ಲ ಬಿಟ್ಟು ಚಿತ್ರ ಕಲಿಯಲು ಮ್ಯೂನಿಕ್‌ಗೆ ಹೋದ.

ಹಂತ 4: ಸ್ಕೇಲು ಹಿಡಿದು ಸೆಜಾನ್‌ನ ಮೇಜು ಅಳೆಯಿರಿ

ಪಾಲ್ ಸೆಜಾನ್‌ನ 'ಸೇಬಿನ ಬುಟ್ಟಿ' ಸುಮಾರು 1893ರದು. ಇದೂ ಶಿಕಾಗೋದಲ್ಲಿದೆ. ಪರದೆಯ ಮೇಲೆ ದೊಡ್ಡದು ಮಾಡಿ. ಮೇಜಿನ ಮುಂದಿನ ಅಂಚು ಎಡಗಡೆ ಕಾಣುತ್ತದೆ, ನಡುವೆ ಬಟ್ಟೆಯ ಕೆಳಗೆ ಹೋಗಿ ಬಲಗಡೆ ಮತ್ತೆ ಬರುತ್ತದೆ. ಎಡಗಡೆಯ ಅಂಚಿಗೆ ಸ್ಕೇಲು ಇಟ್ಟು ಬಲಕ್ಕೆ ಎಳೆಯಿರಿ. ಎರಡೂ ಸೇರುವುದಿಲ್ಲ! ಬಾಟಲಿ ವಾಲಿದೆ. ಬುಟ್ಟಿ ಮುಂದಕ್ಕೆ ಬಾಗಿದೆ, ಆದರೂ ಸೇಬು ಉರುಳುವುದಿಲ್ಲ.

ಕೈ ತಪ್ಪಿ ಹೀಗಾದದ್ದಲ್ಲ. ನಾವು ಒಂದು ಮೇಜನ್ನು ನೋಡುವಾಗ ಕಣ್ಣು ಒಂದೇ ಕಡೆ ಮೊಳೆ ಹೊಡೆದ ಹಾಗೆ ನಿಲ್ಲುವುದಿಲ್ಲ, ಅಲ್ವಾ? ಸ್ವಲ್ಪ ಎಡಕ್ಕೆ, ಸ್ವಲ್ಪ ಮೇಲಕ್ಕೆ ಹೋಗುತ್ತದೆ. ಸೆಜಾನ್ ಆ ನೋಟಗಳನ್ನೆಲ್ಲ ಒಂದೇ ಕ್ಯಾನ್ವಾಸಿಗೆ ತಂದ. 'ಆಳ'ದ ಮೇಲೆ ಅರ್ಧ ಗೆರೆ ಎಳೆಯಿರಿ. ಉಳಿದರ್ಧವನ್ನು ಪಿಕಾಸೋ ಮತ್ತು ಬ್ರಾಕ್ ಎಳೆದರು. ಸೆಜಾನ್ 1906ರಲ್ಲಿ ತೀರಿಕೊಂಡ. ಮರುವರ್ಷ ಪ್ಯಾರಿಸಿನಲ್ಲಿ ಆತನ ಚಿತ್ರಗಳ ದೊಡ್ಡ ಪ್ರದರ್ಶನ ನಡೆಯಿತು. 1908ರ ಬೇಸಿಗೆಯಲ್ಲಿ ಬ್ರಾಕ್ ಬರೆದ ಲೆಸ್ತಾಕ್ ಊರಿನ ಮನೆಗಳು ಡಬ್ಬಿ ಪೇರಿಸಿದ ಹಾಗಿವೆ. ವಸ್ತುವನ್ನು ಹೀಗೆ ಹಲವು ಕಡೆಯಿಂದ ನೋಡಿ, ತುಂಡು ಮಾಡಿ, ಚಪ್ಪಟೆಯಾಗಿ ಜೋಡಿಸುವ ರೀತಿಯೇ ಕ್ಯೂಬಿಸಂ.

ಎಚ್ಚರ: ಕ್ಯೂಬಿಸ್ಟ್ ಚಿತ್ರ ಸಿಕ್ಕ ಕೂಡಲೇ "ಪಿಟೀಲು ಎಲ್ಲಿ, ಮೂಗು ಎಲ್ಲಿ" ಅಂತ ಹುಡುಕುತ್ತಾ ಕೂರಬೇಡಿ. ಸಿಕ್ಕಿತು ಅಂತ ಖುಷಿಯಾಗುತ್ತದೆ, ಚಿತ್ರ ಮಾತ್ರ ನೋಡಿರುವುದಿಲ್ಲ. ನಮ್ಮ ಕೆಲಸಕ್ಕೆ ಕ್ಯೂಬಿಸಂ ದಾಟಿ ಹೋಗುವ ಸೇತುವೆ ಮಾತ್ರ. ಮುಂದಿನ ಹಂತದಲ್ಲಿ ಜಾಸ್ತಿ ಹೊತ್ತು ಕೂರೋಣ.

ಹಂತ 5: ಮಾಂಡ್ರಿಯಾನ್‌ನ ಮರಗಳನ್ನು ಸಾಲಾಗಿ ಇಡಿ

ಸಮಯ ಕಡಿಮೆ ಇದ್ದರೆ ಉಳಿದದ್ದೆಲ್ಲ ಬಿಟ್ಟು ಇದೊಂದನ್ನು ಮಾಡಿ. ಇಷ್ಟು ಸ್ಪಷ್ಟವಾದ ದಾಖಲೆ ಕಲೆಯ ಇತಿಹಾಸದಲ್ಲಿ ಅಪರೂಪ ಅಂತ ನನ್ನ ಅನಿಸಿಕೆ.

ಪೀಟ್ ಮಾಂಡ್ರಿಯಾನ್ ಹುಟ್ಟಿದ್ದು 1872ರಲ್ಲಿ, ನೆದರ್‌ಲ್ಯಾಂಡ್ಸ್‌ನ ಆಮರ್ಸ್‌ಫೋರ್ಟ್‌ನಲ್ಲಿ. ಆಮ್‌ಸ್ಟರ್‌ಡ್ಯಾಮ್‌ನ ಕಲಾಶಾಲೆಯಲ್ಲಿ ಕ್ರಮವಾಗಿ ಕಲಿತವನು. ಮೊದಮೊದಲು ಹೊಲ, ಹೊಳೆ, ಗಾಳಿಯಂತ್ರ, ರೈತರ ಮನೆ ಇವನ್ನೇ ಬರೆಯುತ್ತಿದ್ದ. ಅಂಥ ಒಂದೆರಡು ಚಿತ್ರಗಳನ್ನು ಮೊದಲು ನೋಡಿಬಿಡಿ. "ಬಿಡಿಸೋಕೆ ಬರಲ್ವಾ" ಎಂಬ ಸಂಶಯ ಅಲ್ಲೇ ತೀರುತ್ತದೆ. ಅಮೂರ್ತಕ್ಕೆ ಹೋದ ಮೇಲೂ ಜೀವನ ನಡೆಸಲು ಹೂವಿನ ಚಿತ್ರ ಬರೆದು ಮಾರುತ್ತಿದ್ದವನು ಈತ.

ಈಗ ಮೂರು ಚಿತ್ರಗಳನ್ನು ಎಡದಿಂದ ಬಲಕ್ಕೆ ಇಡಿ. ಮೂರೂ ಹೇಗ್‌ನ ಮ್ಯೂಸಿಯಂನಲ್ಲಿವೆ, ಮೂರೂ ಹೆಚ್ಚುಕಡಿಮೆ ಒಂದು ಮೀಟರ್ ಅಗಲದವು.

ಮೊದಲನೆಯದು 'ಸಂಜೆ: ಕೆಂಪು ಮರ', 1908-10. ಎಲೆ ಉದುರಿದ ಬೋಳು ಮರ. ಹಿನ್ನೆಲೆ ನೀಲಿ, ಕಾಂಡಕ್ಕೆ ಕೆಂಪು. ಕೊಂಬೆಗಳು ಉರಿಯುತ್ತಿರುವ ಹಾಗಿವೆ. ಮರದ ಸ್ವಂತ ಬಣ್ಣ ಹೋಗಿದೆ, ಮರ ಇದೆ.

ಎರಡನೆಯದು 'ಬೂದು ಮರ', 1911. ಬಣ್ಣವೇ ಹೋಯಿತು. ಕಾಂಡ ಇನ್ನೂ ನಡುವೆ ನಿಂತಿದೆ. ಕೊಂಬೆಗಳು ಬಿಲ್ಲಿನ ಹಾಗೆ ಬಾಗಿ ಚೌಕಟ್ಟಿನ ಅಂಚಿನವರೆಗೂ ಚಾಚಿವೆ. ಇಲ್ಲಿ ನಿಧಾನ ಮಾಡಿ, ಚಿತ್ರ ದೊಡ್ಡದು ಮಾಡಿ, ಕೊಂಬೆ ಬಿಟ್ಟು ಕೊಂಬೆಗಳ ನಡುವಿನ ಖಾಲಿ ಜಾಗ ನೋಡಿ. ಅಲ್ಲಿನ ಬಣ್ಣ ದಪ್ಪಗಿದೆ. ಬ್ರಷ್ ಗುರುತು ಎದ್ದು ಕಾಣುತ್ತದೆ. ಆಕಾಶ ಹಿಂದೆ ಇಲ್ಲ, ಕೊಂಬೆಯ ಸಮಕ್ಕೆ ಬಂದು ಕೂತಿದೆ. ಯಾವುದು ಮುಂದೆ, ಯಾವುದು ಹಿಂದೆ ಅಂತ ಹೇಳಲಾಗುವುದಿಲ್ಲ. 'ಆಳ' ಪೂರ್ತಿ ಹೊಡೆದು ಹಾಕಿ.

ಮೂರನೆಯದು 'ಹೂಬಿಟ್ಟ ಸೇಬಿನ ಮರ', 1912. ಕಾಂಡ ಇದೆಯೋ ಇಲ್ಲವೋ ಎನ್ನುವಷ್ಟು. ಹೂವು ಒಂದೂ ಇಲ್ಲ. ಬಾಗಿದ ಗೆರೆಗಳು ಒಂದನ್ನೊಂದು ದಾಟಿ ಎಲೆಯಾಕಾರದ ಸಂದುಗಳಾಗಿವೆ. ಶೀರ್ಷಿಕೆ ಮುಚ್ಚಿಟ್ಟು ಮನೆಯವರಿಗೆ ತೋರಿಸಿ, ಮರ ಅಂತ ಎಷ್ಟು ಜನ ಹೇಳುತ್ತಾರೆ ನೋಡಿ. ಆದರೆ ಎಡಗಡೆಯ ಎರಡು ಚಿತ್ರ ನೋಡಿದ ನಿಮಗೆ ಇದು ಮರವೇ. 'ಅಂಚು' ಇಲ್ಲಿಗೆ ಪೂರ್ತಿ ಹೋಯಿತು.

ನಡುವೆ ಆದದ್ದೇನೆಂದರೆ, 1911ರ ಕೊನೆಯ ತಿಂಗಳುಗಳಲ್ಲಿ ಆಮ್‌ಸ್ಟರ್‌ಡ್ಯಾಮ್‌ನ ಒಂದು ಪ್ರದರ್ಶನದಲ್ಲಿ ಸೆಜಾನ್, ಬ್ರಾಕ್, ಪಿಕಾಸೋ ಇವರ ಚಿತ್ರಗಳಿದ್ದವು. ಅದಾದ ಸ್ವಲ್ಪ ದಿನಕ್ಕೆ ಮಾಂಡ್ರಿಯಾನ್ ಪ್ಯಾರಿಸಿಗೆ ಹೊರಟ. 1914ರಲ್ಲಿ ಕಾಯಿಲೆ ಬಿದ್ದ ತಂದೆಯನ್ನು ನೋಡಲು ಊರಿಗೆ ಬಂದಾಗ ಮಹಾಯುದ್ಧ ಶುರುವಾಯಿತು. 1919ರವರೆಗೆ ಪ್ಯಾರಿಸಿಗೆ ಮರಳಲಾಗಲಿಲ್ಲ. ಆ ನಡುವಿನ ಕಾಲದ್ದು ನಾಲ್ಕನೇ ಚಿತ್ರ: 1915ರ 'ಸಂಯೋಜನೆ 10', ನೆದರ್‌ಲ್ಯಾಂಡ್ಸ್‌ನ ಒಟರ್ಲೋದ ಕ್ರೋಲರ್-ಮ್ಯೂಲರ್ ಮ್ಯೂಸಿಯಂನಲ್ಲಿದೆ. ಡಾಂಬರ್ಗ್ ಎಂಬ ಕಡಲೂರಿನ ಸಮುದ್ರ ಮತ್ತು ಅದರೊಳಕ್ಕೆ ಚಾಚಿದ ಕಟ್ಟೆ. ಬಿಳಿಯ ಮೇಲೆ ಕಪ್ಪು ಚುಟುಕು ಗೆರೆಗಳು. ಕೂಡಿಸುವ ಗುರುತು, ಕಳೆಯುವ ಗುರುತು ಹರಡಿದ ಹಾಗೆ. ಬಾಗಿದ ಗೆರೆಯೂ ಹೋಯಿತು. ಅಡ್ಡ ಮತ್ತು ಉದ್ದ ಮಾತ್ರ ಉಳಿದವು. ಅಲೆ ಹೊಳೆಯುವುದು ಮಾತ್ರ ನನಗೆ ಇಲ್ಲಿ ಕಾಣುತ್ತದೆ. ನಿಮಗೆ ಕಾಣದಿದ್ದರೂ ತೊಂದರೆಯಿಲ್ಲ.

ಕೊನೆಗೆ 1920ರ ನಂತರದ ಯಾವುದಾದರೂ ಒಂದು ಚಿತ್ರ ಇಡಿ. ಜ್ಯೂರಿಕ್‌ನಲ್ಲಿರುವ, 1930ರ ಕೆಂಪು-ನೀಲಿ-ಹಳದಿ ಸಂಯೋಜನೆ ಪ್ರಸಿದ್ಧ. ಕಪ್ಪು ಗೆರೆ, ಮೂರು ಮೂಲ ಬಣ್ಣ, ಬಿಳಿ. ಇಲ್ಲಿ 'ವಸ್ತು'ವನ್ನೂ ಹೊಡೆದು ಹಾಕಬಹುದು. ಇದರ ಹಿಂದೆ ಯಾವ ಮರವೂ ಇಲ್ಲ. ಬದಲಿಗೆ ಬಂದದ್ದು ತೂಕ. ಬಲಗಡೆಯ ದೊಡ್ಡ ಕೆಂಪನ್ನು ಎಡ ಕೆಳಮೂಲೆಯ ಚಿಕ್ಕ ನೀಲಿ ತಡೆದು ನಿಲ್ಲಿಸಿದೆ. ಬೆರಳಿನಿಂದ ನೀಲಿ ಮುಚ್ಚಿ ನೋಡಿ, ಚಿತ್ರ ಬಲಕ್ಕೆ ವಾಲುತ್ತದೆ.

ಈಗ ಪೆನ್ಸಿಲ್ ತೆಗೆದುಕೊಳ್ಳಿ. ಜನವರಿ-ಫೆಬ್ರವರಿಯಾದರೆ ಎಲೆ ಉದುರಿಸಿ ನಿಂತ ಬೂರುಗವೋ ದೇವಕಣಗಿಲೆಯೋ ಹತ್ತಿರದಲ್ಲೇ ಸಿಗುತ್ತದೆ. ಇಲ್ಲದಿದ್ದರೆ ಫೋಟೋ ಆದರೂ ಸರಿ. ಮೊದಲ ಹಾಳೆಯಲ್ಲಿ ಕಂಡ ಹಾಗೆ ಬರೆಯಿರಿ. ಚೆನ್ನಾಗಿ ಬರಬೇಕೆಂದೇನಿಲ್ಲ. ಎರಡನೆಯದನ್ನು ಮರ ನೋಡದೆ, ಮೊದಲ ಹಾಳೆ ನೋಡಿ ಬರೆಯಿರಿ. ಕೊಂಬೆಯ ಗೆರೆ ಮಾತ್ರ, ನೆರಳು ಬೇಡ. ಮೂರನೆಯದರಲ್ಲಿ ಕೊಂಬೆ ಬಿಟ್ಟು ಸಂದುಗಳನ್ನು ಮಾತ್ರ ಬರೆಯಿರಿ. ನಾಲ್ಕನೆಯದರಲ್ಲಿ ಅಡ್ಡ ಮತ್ತು ಉದ್ದ ಗೆರೆ ಮಾತ್ರ ಬಳಸಿ. ಎಲ್ಲಿ ಕೊಂಬೆ ಒತ್ತಾಗಿದೆಯೋ ಅಲ್ಲಿ ಜಾಸ್ತಿ, ಎಲ್ಲಿ ಬಿಡುವಿದೆಯೋ ಅಲ್ಲಿ ಕಡಿಮೆ.

ಎಚ್ಚರ: ನೇರವಾಗಿ ನಾಲ್ಕನೇ ಹಾಳೆಗೆ ಹಾರಬೇಡಿ. ಹಾರಿದರೆ ಸುಮ್ನೆ ಗೀಚಿದ ಹಾಗೆ ಬರುತ್ತದೆ. ವ್ಯತ್ಯಾಸ ಬೇಕಿದ್ದರೆ ಎರಡನ್ನೂ ಮಾಡಿ ಪಕ್ಕದಲ್ಲಿಟ್ಟು ನೋಡಿ.

ಇನ್ನೊಂದು ಎಚ್ಚರ: ಮಾಂಡ್ರಿಯಾನ್ ಅಂದರೆ ಟೈಲ್ಸ್, ಬ್ಯಾಗು, ಕಾಫಿ ಕಪ್‌ಗಳ ಮೇಲಿನ ಡಿಸೈನ್ ಅಂತ ತಿಳಿದವರಿದ್ದಾರೆ. ಅಸಲಿ ಚಿತ್ರಗಳಲ್ಲಿ ಬಿಳಿ ಜಾಗ ಸಪಾಟಾಗಿಲ್ಲ, ಬ್ರಷ್ ಓಡಿದ ದಿಕ್ಕು ಕಾಣುತ್ತದೆ. ಎಷ್ಟೋ ಚಿತ್ರಗಳಲ್ಲಿ ಕಪ್ಪು ಗೆರೆ ಅಂಚು ಮುಟ್ಟುವ ಮುಂಚೆಯೇ ನಿಂತಿರುತ್ತದೆ. ಪೋಸ್ಟರಿನಲ್ಲಿ ಇದ್ಯಾವುದೂ ಇರುವುದಿಲ್ಲ. ಆತ 1941ರಲ್ಲಿ ಅಂಟುಪಟ್ಟಿಗಳಿಂದ ಮಾಡಿದ್ದ ಒಂದು ಕೃತಿ ದಶಕಗಳಿಂದ ತಲೆಕೆಳಗಾಗಿ ತೂಗುತ್ತಿರಬಹುದು ಎಂದು 2022ರಲ್ಲಿ ಜರ್ಮನಿಯ ಡ್ಯುಸೆಲ್ಡಾರ್ಫ್‌ನ ಮ್ಯೂಸಿಯಂನವರು ಹೇಳಿದಾಗ ಜನ ನಕ್ಕರು. ಅದು ಮುಗಿಯದೆ ಉಳಿದ, ಸಹಿ ಇಲ್ಲದ ಕೃತಿ ಎಂಬುದನ್ನು ನಕ್ಕವರು ಓದಿರಲಿಲ್ಲ.

ಹಂತ 6: ದಾರಿ ಒಂದೇ ಅಲ್ಲ ಎಂಬುದನ್ನು ಗಮನಿಸಿ

ಎಲ್ಲರೂ ಮರ ಕರಗಿಸಿಯೇ ಅಮೂರ್ತಕ್ಕೆ ಬರಲಿಲ್ಲ. ಕ್ಯಾಂಡಿನ್‌ಸ್ಕಿಗೆ ಸಂಗೀತ ದಾರಿಯಾಯಿತು. ಸಾಹಿತ್ಯವಿಲ್ಲದ ಆಲಾಪನೆ ಕೇಳಿ "ಇದು ಯಾವುದರ ಚಿತ್ರ?" ಅಂತ ನಾವು ಕೇಳುವುದಿಲ್ಲ. ಬಣ್ಣಕ್ಕೂ ಆ ಸ್ವಾತಂತ್ರ್ಯ ಯಾಕಿಲ್ಲ ಎಂಬುದು ಆತನ ವಾದ. ಲಂಡನ್‌ನ ಟೇಟ್ ಮ್ಯೂಸಿಯಂನಲ್ಲಿರುವ, 1910-11ರ 'ಕೊಸಾಕರು' (ರಷ್ಯಾದ ಕುದುರೆ ಸವಾರ ಯೋಧರು) ಚಿತ್ರ ನೋಡಿ. ಮೊದಲ ನೋಟಕ್ಕೆ ಬಣ್ಣದ ಜಾತ್ರೆ. ಆಮೇಲೆ ಕಾಮನಬಿಲ್ಲು, ಕಿತ್ತಳೆ-ಕೆಂಪು ಟೋಪಿ, ಉದ್ದನೆಯ ಈಟಿಗಳು ಒಂದೊಂದಾಗಿ ಎದ್ದು ಬರುತ್ತವೆ. ಈ ಮಧ್ಯದ ಸ್ಥಿತಿ, ಅಂದರೆ ವಸ್ತು ಇನ್ನೂ ಪೂರ್ತಿ ಹೋಗದೆ ಅಡಗಿ ಕೂತಿರುವುದು, ನನಗೆ ಆತನ ಮುಂದಿನ ಚಿತ್ರಗಳಿಗಿಂತ ಇಷ್ಟ.

ಸ್ವೀಡನ್ನಿನ ಹಿಲ್ಮಾ ಆಫ್ ಕ್ಲಿಂಟ್ 1906ರಲ್ಲೇ ಅಮೂರ್ತ ಚಿತ್ರ ಶುರು ಮಾಡಿದಳು. ಧ್ಯಾನ, ಆತ್ಮಗಳೊಡನೆ ಮಾತು ಇವು ಆಕೆಯ ದಾರಿ. ತಾನು ಸತ್ತು 20 ವರ್ಷ ಆಗುವವರೆಗೆ ಇವನ್ನು ತೋರಿಸಬೇಡಿ ಎಂದು ಹೇಳಿಟ್ಟಿದ್ದಳು. ಕುತೂಹಲದ ಸಂಗತಿ ಎಂದರೆ ಮಾಂಡ್ರಿಯಾನ್, ಕ್ಯಾಂಡಿನ್‌ಸ್ಕಿ, ಹಿಲ್ಮಾ ಈ ಮೂವರೂ ಥಿಯಾಸಫಿ ಎಂಬ ಆಧ್ಯಾತ್ಮಿಕ ಪಂಥದ ಪುಸ್ತಕ ಓದಿದವರು. ಮಾಂಡ್ರಿಯಾನ್ 1909ರಲ್ಲಿ ಥಿಯಾಸಫಿಕಲ್ ಸೊಸೈಟಿಯ ಸದಸ್ಯನಾದ. ಅದರ ಮುಖ್ಯ ಕಚೇರಿ ಇರುವುದು ಚೆನ್ನೈನ ಅಡ್ಯಾರ್‌ನಲ್ಲಿ. ಕಣ್ಣಿಗೆ ಕಾಣುವುದರ ಹಿಂದೆ ಇನ್ನೇನೋ ಇದೆ ಎಂಬ ನಂಬಿಕೆ ಇದ್ದವರಿಗೆ ಕಾಣುವ ವಸ್ತುವನ್ನು ಬಿಡುವುದು ಅಷ್ಟು ಕಷ್ಟವಾಗಲಿಲ್ಲ.

ಮಾಲೆವಿಚ್ ಎಂಬ ಕಲಾವಿದ ಬಿಳಿಯ ಮೇಲೊಂದು ಕಪ್ಪು ಚೌಕ ಬರೆದು, 1915ರ ಡಿಸೆಂಬರ್‌ನಲ್ಲಿ ರಷ್ಯಾದ ಪೆಟ್ರೋಗ್ರಾಡ್‌ನ (ಈಗಿನ ಸೇಂಟ್ ಪೀಟರ್ಸ್‌ಬರ್ಗ್) ಪ್ರದರ್ಶನದಲ್ಲಿ ತೂಗುಹಾಕಿದ. ತೂಗುಹಾಕಿದ್ದು ಕೋಣೆಯ ಮೇಲ್ಮೂಲೆಯಲ್ಲಿ. ರಷ್ಯಾದ ಮನೆಗಳಲ್ಲಿ ದೇವರ ಪಟ ಇಡುವ ಜಾಗ ಅದು. ಇದು ಗೊತ್ತಿಲ್ಲದೆ ನೋಡಿದರೆ ಬರೀ ಕಪ್ಪು ಚೌಕ.

ಎಚ್ಚರ: "ಮೊಟ್ಟಮೊದಲ ಅಮೂರ್ತ ಚಿತ್ರ ಯಾರದು" ಎಂಬ ಜಗಳಕ್ಕೆ ಬೀಳಬೇಡಿ. ಅದರಿಂದ ನೋಡುವ ಕಣ್ಣಿಗೆ ಏನೂ ಸಿಗುವುದಿಲ್ಲ. ಹಾಗೆಯೇ "ವಾಸ್ತವ ಹಳೆಯದು, ಅಮೂರ್ತ ಮುಂದುವರಿದದ್ದು" ಎಂಬ ಲೆಕ್ಕವೂ ಬೇಡ. ಮಾಂಡ್ರಿಯಾನ್ ತೀರಿಕೊಂಡದ್ದು 1944ರಲ್ಲಿ. ದೀಪ ಹಿಡಿದ ಮಹಿಳೆ ಬಂದದ್ದು ಅದರ ನಂತರ.

ಹಂತ 7: ಪರದೆ ಬಿಟ್ಟು ಎದ್ದು ಹೋಗಿ

ಈ ಹೊಸ ಚಿತ್ರಗಳು ನಮ್ಮ ದೇಶಕ್ಕೆ ಬಹಳ ತಡವಾಗಿ ಬಂದವು ಅಂತೇನಿಲ್ಲ. 1922ರ ಡಿಸೆಂಬರ್‌ನಲ್ಲೇ ಕಲ್ಕತ್ತೆಯಲ್ಲಿ ಜರ್ಮನಿಯ ಬೌಹೌಸ್ ಶಾಲೆಯವರ ಪ್ರದರ್ಶನ ನಡೆದು, ಕ್ಯಾಂಡಿನ್‌ಸ್ಕಿ ಮತ್ತು ಪೌಲ್ ಕ್ಲೇ ಅವರ ಕೃತಿಗಳು ಬಂದಿದ್ದವು. ಆಮೇಲೆ ನಮ್ಮವರೂ ತಮ್ಮದೇ ದಾರಿ ಹಿಡಿದರು. ವಿ. ಎಸ್. ಗಾಯ್ತೊಂಡೆ ಮನುಷ್ಯಾಕೃತಿಗಳಿಂದ ಶುರು ಮಾಡಿ, ರೋಲರ್ ಮತ್ತು ಚಾಕುವಿನಿಂದ ಬಣ್ಣದ ಪದರ ಹಾಕುವ ಕಡೆಗೆ ಬಂದರು. ಎಸ್. ಎಚ್. ರಝಾ ಭೂದೃಶ್ಯಗಳಿಂದ ಬಿಂದುವಿಗೆ ಬಂದರು. ಉಡುಪಿ ಬಳಿಯ ಕಟ್ಟಿಂಗೇರಿಯ ಕೆ. ಕೆ. ಹೆಬ್ಬಾರ್ ಅವರದು ಇನ್ನೊಂದು ರೀತಿ. ನರ್ತಕಿಯ ಇಡೀ ಮೈಯನ್ನು ಒಂದೆರಡು ಓಡುವ ಗೆರೆಗಳಲ್ಲಿ ಹಿಡಿದವರು. ವಸ್ತುವನ್ನು ಬಿಡದೆಯೇ ಎಷ್ಟನ್ನು ಬಿಡಬಹುದು ಎಂಬುದಕ್ಕೆ ಅವರ ರೇಖಾಚಿತ್ರಗಳು ಒಳ್ಳೆಯ ಪಾಠ.

ಬೆಂಗಳೂರಿನಲ್ಲಿ ಇದ್ದರೆ ಅರಮನೆ ರಸ್ತೆಯ ಮಾಣಿಕ್ಯವೇಲು ಮ್ಯಾನ್ಷನ್‌ಗೆ ಹೋಗಿ. 2009ರಿಂದ ಅಲ್ಲಿ ರಾಷ್ಟ್ರೀಯ ಆಧುನಿಕ ಕಲಾ ಗ್ಯಾಲರಿ ಇದೆ. ಗೋಡೆಯ ಮೇಲಿನ ಚಿತ್ರಗಳು ಆಗಾಗ ಬದಲಾಗುತ್ತವೆ. ಹಾಗಾಗಿ ಇಂಥದ್ದೇ ನೋಡುತ್ತೇನೆ ಅಂತ ಪಟ್ಟಿ ಮಾಡಿಕೊಂಡು ಹೋಗಬೇಡಿ. ಎಲ್ಲವನ್ನೂ ನೋಡುವ ಹಟವೂ ಬೇಡ. ಮೂರು ಚಿತ್ರ ಆರಿಸಿಕೊಂಡು ಒಂದೊಂದಕ್ಕೆ ಹತ್ತು ನಿಮಿಷ ಕೊಡಿ. ಮೊದಲು ದೂರದಿಂದ, ಆಮೇಲೆ ಹತ್ತಿರದಿಂದ, ಕೊನೆಗೆ ಪಕ್ಕದಿಂದ ನೋಡಿ. ಬಣ್ಣದ ದಪ್ಪ ಪಕ್ಕದಿಂದಲೇ ಗೊತ್ತಾಗುವುದು. ಶೀರ್ಷಿಕೆಯ ಚೀಟಿಯನ್ನು ಕಡೆಗೆ ಓದಿ. ನಾಲ್ಕು ಪದದ ಆ ಹಾಳೆ ಜೇಬಿನಲ್ಲಿರಲಿ. ಸೋಮವಾರ ಮಾತ್ರ ಹೋಗಬೇಡಿ, ರಜೆ.